ಈಡು ತಗುಲಿದ ಮಿಗ ಎಲ್ಲಿಗೆ ಹೋಯಿತು?

ಭತ್ತ ಹಾಲುಗಟ್ಟುವ ಹೊತ್ತಿನಿಂದ ಕೊಯ್ಲು ಮುಗಿಯುವ ತನಕ ಮಲೆನಾಡಿನ ಇರುಳಿಗೆ ತನ್ನದೇ ಆದ ಸದ್ದುಗಳಿವೆ. ಮಾಳದಲ್ಲಿ ಕುಳಿತವರ ಕೂಗು, ಡಬ್ಬದ ಬಡಿತ, ನಾಯಿಗಳ ಬೊಗಳು, ನಡುವೆ ದೂರದ ಕಾನಿನ ಅಂಚಿನಲ್ಲೆಲ್ಲೋ ಒಂದು ಈಡಿನ ಸದ್ದು. ಹಾಸಿಗೆಯಲ್ಲಿರುವವರು ಕಿವಿಗೊಟ್ಟು ಕಾಯುತ್ತಾರೆ. ಎರಡನೆಯ ಈಡು ಕೇಳಿಸದಿದ್ದರೆ ‘ಬಿತ್ತು’ ಎಂದು ಒಬ್ಬರು, ‘ತಪ್ಪಿತು’ ಎಂದು ಇನ್ನೊಬ್ಬರು ತೀರ್ಮಾನಿಸಿ ಮಗ್ಗುಲು ಬದಲಿಸುತ್ತಾರೆ. ಈ ಎರಡು ತೀರ್ಮಾನಗಳಲ್ಲದೆ ಮೂರನೆಯದೊಂದಿದೆ. ಅದರ ಬಗ್ಗೆ ಊರಿನಲ್ಲಿ ಮಾತಿಲ್ಲ. ಈಡು ತಗುಲಿದೆ, ಪ್ರಾಣಿ ಬಿದ್ದಿಲ್ಲ. ನಾಲ್ಕಾರು ದಿನ ಕಳೆದು ಹಳ್ಳದ ಬದಿಯ ಮುಂಡಿಗೆ ಮೆಳೆಯಿಂದ ನಾತ ಬರುತ್ತದೆ, ಕಾಗೆಗಳು ಎದ್ದು ಕೂರುತ್ತವೆ. ದನ ಹುಡುಕಲು ಹೋದವರು ಇಣುಕಿ ನೋಡಿ, ಚಿರತೆ ಹಿಡಿದದ್ದಿರಬೇಕು ಎಂದುಕೊಂಡು ಮೂಗು ಮುಚ್ಚಿ ಹಿಂದಿರುಗುತ್ತಾರೆ.

ಶಿಕಾರಿಯ ಕಥೆಗಳಿಗೆ ಮಲೆನಾಡಿನಲ್ಲಿ ಎಂದೂ ಕೊರತೆಯಿಲ್ಲ. ಕುವೆಂಪು ಅವರ ಕಾದಂಬರಿಗಳಿಂದ ಪೂರ್ಣಚಂದ್ರ ತೇಜಸ್ವಿಯವರ ಬರಹಗಳವರೆಗೆ ಕೋವಿಯೂ ನಾಯಿಯೂ ಹಳು ನುಗ್ಗುವ ಆಳುಗಳೂ ಇಲ್ಲದೆ ಈ ನಾಡಿನ ಚಿತ್ರ ಪೂರ್ಣವಾಗುವುದಿಲ್ಲ. ಜಗಲಿಯ ಮೇಲೆ ಹೇಳುವ ಕಥೆಗಳಲ್ಲಿ ಬಿದ್ದ ಪ್ರಾಣಿಗೆ ತೂಕವಿದೆ, ಕೊಂಬಿನ ಅಳತೆಯಿದೆ, ಪಾಲಿನ ಲೆಕ್ಕವಿದೆ. ಬೀಳದೆ ಹೋದದ್ದಕ್ಕೆ ಒಂದೇ ವಾಕ್ಯ: ‘ಈಡು ತಗುಲಿತ್ತು, ಸಿಗಲಿಲ್ಲ.’ ಹೇಳಿದವನೂ ನಗುತ್ತಾನೆ, ಕೇಳಿದವರೂ ನಗುತ್ತಾರೆ. ಹಳೆಯ ಬೇಟೆಗಾರರಲ್ಲಿ ನೆತ್ತರಿನ ಜಾಡು ಹಿಡಿದು ಮೈಲಿಗಟ್ಟಲೆ ನಡೆದವರಿದ್ದರು ಎಂಬುದು ಸುಳ್ಳಲ್ಲ. ಆದರೆ ಆ ನಡಿಗೆ ಹೆಚ್ಚಿನ ಪಾಲು ಮಾಂಸ ಕೈತಪ್ಪಬಾರದೆಂಬ ಕಾರಣಕ್ಕೆ ಆಗುತ್ತಿತ್ತೇ ಹೊರತು ಪ್ರಾಣಿಯ ನೋವು ಬೇಗ ಮುಗಿಯಲಿ ಎಂಬ ಕಾರಣಕ್ಕಲ್ಲ. ಮಾಂಸದ ಆಸೆಗಿಂತ ಹಳುವಿನ ಕಷ್ಟ ಹೆಚ್ಚೆನಿಸಿದ ಕ್ಷಣದಲ್ಲಿ ಜಾಡೂ ಮುಗಿಯುತ್ತಿತ್ತು.

ಸಿಗದೆ ಹೋದ ಮಿಗದ ಗತಿ ಏನು ಎಂಬುದು ಊಹೆಯ ವಿಷಯವಲ್ಲ. ಜಿಂಕೆ, ಕಡವೆ, ಕಾಡುಕುರಿ ಯಾವುದೇ ಆಗಲಿ, ಬೇಗ ಸಾಯುವುದು ಎದೆಗೂಡಿನೊಳಗಿನ ಹೃದಯ ಮತ್ತು ಶ್ವಾಸಕೋಶಗಳಿಗೆ ಗುಂಡು ಹೊಕ್ಕರೆ ಮಾತ್ರ. ಆಗಲೂ ಅದು ನಿಂತಲ್ಲೇ ಬೀಳಬೇಕೆಂದಿಲ್ಲ. ನೂರಿನ್ನೂರು ಮೀಟರು ಓಡಿ ಬೀಳುವುದೇ ಸಾಮಾನ್ಯ. ಮುಂಗಾಲಿನ ಹಿಂದಿನ ಆ ಭಾಗದಿಂದ ಈಡು ಒಂದು ಗೇಣು ಹಿಂದೆ ಸರಿದರೆ ಪಿತ್ತಜನಕಾಂಗ. ಪ್ರಾಣಿ ಗಂಟೆಗಟ್ಟಲೆ ಬದುಕಿರುತ್ತದೆ. ಇನ್ನೊಂದು ಗೇಣು ಸರಿದರೆ ಹೊಟ್ಟೆ ಮತ್ತು ಕರುಳು. ಅರ್ಧ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕಾಲು ಮುರಿದದ್ದು ಮೂರು ಕಾಲಿನಲ್ಲಿ ವಾರಗಟ್ಟಲೆ ಕುಂಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದವಡೆಯ ಗಾಯ. ಕತ್ತಲಲ್ಲಿ ಹೊಳೆಯುವ ಎರಡು ಕಣ್ಣುಗಳ ನಡುವೆ ಗುರಿಯಿಟ್ಟ ಈಡು ತುಸು ಕೆಳಗಿಳಿದರೆ ದವಡೆ ಪುಡಿಯಾಗುತ್ತದೆ. ಆ ಪ್ರಾಣಿ ಓಡಬಲ್ಲದು, ನೋಡಬಲ್ಲದು, ಕೇಳಬಲ್ಲದು, ಮೇಯಲಾರದು. ಸುತ್ತ ಹಸಿರಿರುವಾಗ ಹಸಿವಿನಿಂದ ಸಾಯುತ್ತದೆ.

ಈಡು ಅಪೂರ್ಣವಾಗುವುದು ಎಂದೋ ಒಮ್ಮೆ ನಡೆಯುವ ಅಚಾತುರ್ಯವೆಂದು ಬೇಟೆಗೆ ಹೋಗುವವರು ಹೇಳುತ್ತಾರೆ. ಮಲೆನಾಡಿನಲ್ಲಿ ಈಡು ಹೊಡೆಯುವ ಬಗೆಯನ್ನು ಬಲ್ಲವರು ಇದನ್ನು ಒಪ್ಪುವಂತಿಲ್ಲ. ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕಿಗೆ ಕಾಣುವುದು ಕಣ್ಣು ಮಾತ್ರ. ಮೈ ಯಾವ ಕಡೆಗೆ ತಿರುಗಿದೆ, ಅದು ಹೆಣ್ಣೋ ಗಂಡೋ, ಹಿಂದೆ ಮರಿ ನಿಂತಿದೆಯೋ, ಕಡೆಗೆ ಅದು ಮಿಗವೋ ಕಟ್ಟು ಬಿಚ್ಚಿಕೊಂಡು ಬಂದ ಯಾರದೋ ಮನೆಯ ಕರುವೋ, ಕಣ್ಣಿನ ಹೊಳಪು ಹೇಳುವುದಿಲ್ಲ. ಬೇಟೆಗೆ ಹೋದವರು ಸಂಗಾತಿಯ ಗುಂಡಿಗೇ ಬಲಿಯಾದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಇನ್ನು ಕೋವಿ. ಕೇಪಿನ ಕೋವಿಯಲ್ಲಿ ಒಂದು ಈಡು ಹಾರಿದ ಮೇಲೆ ಮದ್ದು ಸುರಿದು, ಗಜದಿಂದ ಗಿಡಿದು, ಕೇಪು ಕೂರಿಸಿ ಮತ್ತೊಮ್ಮೆ ಹೊಡೆಯುವಷ್ಟರಲ್ಲಿ ಪ್ರಾಣಿ ಗುಡ್ಡ ದಾಟಿರುತ್ತದೆ. ಹೊಗೆಯ ಮರೆಯಲ್ಲಿ ಅದು ಹೋದ ದಿಕ್ಕೂ ಕಾಣದು. ತೋಟೆ ಕೋವಿಯ ಚರೆಗಳು ದೂರ ಹೋದಷ್ಟೂ ಚದುರುತ್ತವೆ. ನಾಲ್ಕು ಚರೆ ತೊಡೆಗೆ, ಎರಡು ಹೊಟ್ಟೆಗೆ. ಅವು ಮೈ ತೂರಿ ಆಚೆ ಬರುವುದು ಅಪರೂಪ. ಹೊಕ್ಕ ತೂತು ತೊಗಲಿನಿಂದಲೂ ಕೊಬ್ಬಿನಿಂದಲೂ ಮುಚ್ಚಿಕೊಳ್ಳುತ್ತದೆ, ನೆಲಕ್ಕೆ ನೆತ್ತರು ಬೀಳುವುದಿಲ್ಲ. ನೆತ್ತರು ಕಾಣದಾಗ ಹೊಡೆದವನು ‘ತಪ್ಪಿತು’ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಹೋಗುತ್ತಾನೆ. ಒಳಗೆ ಸುರಿಯುತ್ತಿರುವ ನೆತ್ತರಿಗೆ ಸಾಕ್ಷಿಯಿಲ್ಲ.

ಬೇಟೆಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ದೇಶಗಳಲ್ಲಿ ಈ ಸಂಗತಿಯನ್ನು ಹೇಗೆ ನೋಡುತ್ತಾರೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಬೇಟೆಯ ಪರವಾಗಿ ಮಾತಾಡುವವರು ಆ ದೇಶಗಳ ಉದಾಹರಣೆಯನ್ನೇ ಪದೇ ಪದೇ ತರುತ್ತಾರೆ. ಸ್ವೀಡನ್ನಿನ 1987ರ ಬೇಟೆ ಕಾನೂನಿನ ಪ್ರಕಾರ, ಬೇಟೆಯಲ್ಲಿ ಪ್ರಾಣಿಗೆ ಗಾಯವಾದರೆ ಅದನ್ನು ಪತ್ತೆಹಚ್ಚಿ ಕೊಲ್ಲಲು ಬೇಕಾದ ಕ್ರಮಗಳನ್ನು ಬೇಟೆಗಾರ ಆದಷ್ಟು ಬೇಗ ಕೈಗೊಳ್ಳಲೇಬೇಕು. ಇದು ಅವನ ಇಚ್ಛೆಗೆ ಬಿಟ್ಟದ್ದಲ್ಲ. ಮೂಸ್, ಜಿಂಕೆಗಳಂಥ ಪ್ರಾಣಿಗಳ ಬೇಟೆಗೆ ಹೊರಡುವ ಮುನ್ನವೇ, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲು ವಿಶೇಷ ತರಬೇತಿ ಪಡೆದ ನಾಯಿಯೊಂದು ಎರಡು ಗಂಟೆಯೊಳಗೆ ಈಡು ಬಿದ್ದ ಜಾಗಕ್ಕೆ ಬರುವಂತೆ ವ್ಯವಸ್ಥೆ ಆಗಿರಬೇಕು. ನಾರ್ವೆಯಲ್ಲಿಯೂ ಅಂಥ ನಾಯಿಯ ಏರ್ಪಾಡು ಮೊದಲೇ ಆಗಿರಬೇಕು. ಜೊತೆಗೆ ದೊಡ್ಡ ಪ್ರಾಣಿಗಳ ಬೇಟೆಗಾರ ಪ್ರತಿವರ್ಷ ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಜರ್ಮನಿಯ ಒಕ್ಕೂಟ ಬೇಟೆ ಕಾನೂನು ಗಾಯಗೊಂಡ ಪ್ರಾಣಿಯನ್ನು ತಡಮಾಡದೆ ನೋವಿನಿಂದ ಬಿಡಿಸಬೇಕೆಂದು ವಿಧಿಸುತ್ತದೆ. ಅದೇ ಕಾನೂನು ಗೊರಸಿನ ಪ್ರಾಣಿಗಳ ಮೇಲೆ ಚರೆ ಹೊಡೆಯುವುದನ್ನು ನಿಷೇಧಿಸಿದೆ. ಕಾಡುಹಂದಿಯ ಹೊರತು ಗೊರಸಿನ ಪ್ರಾಣಿಗಳನ್ನು ರಾತ್ರಿ ಬೇಟೆಯಾಡುವುದಕ್ಕೂ ಕೃತಕ ಬೆಳಕು ಬಳಸುವುದಕ್ಕೂ ಅಲ್ಲಿನ ಮೂಲ ನಿಯಮದಲ್ಲಿ ತಡೆಯಿದೆ. ಕೆಲವು ರಾಜ್ಯಗಳು ಈಚೆಗೆ ಅಲ್ಲಲ್ಲಿ ವಿನಾಯಿತಿ ಕೊಟ್ಟಿವೆ. ಚರೆ, ಇರುಳು, ಬ್ಯಾಟರಿ: ಮಲೆನಾಡಿನ ಕಳ್ಳಬೇಟೆಯ ಮೂರು ಆಧಾರಗಳೂ ಬೇಟೆಗಾರರ ದೇಶವೆನಿಸಿಕೊಂಡ ಜರ್ಮನಿಯಲ್ಲಿ ತಪ್ಪಿನ ಪಟ್ಟಿಯಲ್ಲಿವೆ.

ಆ ದೇಶಗಳಲ್ಲಿ ಗಾಯದ ಪ್ರಾಣಿಯನ್ನು ಹಿಂಬಾಲಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಈಡು ಹೊಡೆದವನು ಮೊದಲು ಮಾಡಬೇಕಾದ ಕೆಲಸ ಓಡುವುದಲ್ಲ, ಕದಲದೆ ನಿಲ್ಲುವುದು. ಪ್ರಾಣಿ ನಿಂತಿದ್ದ ಜಾಗ, ಅದು ನೆಗೆದ ರೀತಿ, ಓಡಿದ ದಿಕ್ಕು ಇವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಜಾಗಕ್ಕೆ ಸೊಪ್ಪು ಮುರಿದಿಟ್ಟು ಗುರುತು ಮಾಡುತ್ತಾನೆ. ನೆಲದಲ್ಲಿ ಬಿದ್ದ ಕೂದಲು, ಎಲುಬಿನ ಚೂರು, ನೆತ್ತರಿನ ಬಣ್ಣ ಇವೇ ಅಕ್ಷರಗಳು. ನೊರೆ ಬೆರೆತ ತಿಳಿಗೆಂಪಾದರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಹೊರಟರೆ ಸಾಕು, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಂದು ಬೆರೆತ ಕಡುಗೆಂಪಾದರೆ ಪಿತ್ತಜನಕಾಂಗ; ಹಲವು ಗಂಟೆ ಕಾಯಬೇಕು. ಹಸಿರು ನೀರು, ಅರೆಜೀರ್ಣವಾದ ಮೇವಿನ ನಾತ ಕಂಡರೆ ಕರುಳಿನ ಗಾಯ. ಸಂಜೆ ಹೊಡೆದದ್ದಾದರೆ ಬೆಳಗಿನ ತನಕ ಆ ಕಡೆಗೆ ಸುಳಿಯಬಾರದು. ಕಾಯುವುದು ನಿರ್ದಯೆಯಂತೆ ತೋರುತ್ತದೆ. ಆದರೆ ಯಾರೂ ಬೆನ್ನಟ್ಟದಿದ್ದರೆ ಗಾಯದ ಪ್ರಾಣಿ ಹತ್ತಿರದ ಮರೆಯಲ್ಲಿ ಮಲಗುತ್ತದೆ, ಅಲ್ಲಿಯೇ ಸೋಲುತ್ತದೆ. ಅವಸರದಿಂದ ಎಬ್ಬಿಸಿದರೆ ಪ್ರಾಣಭಯದ ಬಲದಲ್ಲಿ ಇನ್ನೆರಡು ಗುಡ್ಡ ದಾಟಿ ಯಾರಿಗೂ ಸಿಗದಂತೆ ಸಾಯುತ್ತದೆ. ಹುಡುಕುವವರು ನೆತ್ತರಿನ ಗೆರೆಯ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯುತ್ತಾರೆ. ಜಾಡು ಕಳೆದರೆ ಕಡೆಯ ಹನಿಯ ಹತ್ತಿರ ಒಬ್ಬನನ್ನು ನಿಲ್ಲಿಸಿ ಉಳಿದವರು ಸುತ್ತು ಹಾಕುತ್ತಾರೆ.

ಮನುಷ್ಯನ ಕಣ್ಣು ಸೋತಲ್ಲಿ ನಾಯಿಯ ಮೂಗು. ಹಾನೋವರ್ ಮತ್ತು ಬವೇರಿಯದ ಬೆಟ್ಟಸೀಮೆಯಲ್ಲಿ ಈ ಒಂದೇ ಕೆಲಸಕ್ಕೆಂದು ಬೆಳೆಸಿದ ನಾಯಿಯ ತಳಿಗಳಿವೆ. ಹಾನೋವರ್ ತಳಿಯ ಸಂಘವೊಂದು 1894ರಿಂದಲೇ ಕೆಲಸ ಮಾಡುತ್ತಿದೆ. ಉದ್ದನೆಯ ಹಗ್ಗದ ತುದಿಯಲ್ಲಿ ಮೂಗನ್ನು ನೆಲಕ್ಕೆ ಹಚ್ಚಿ ನಡೆಯುವ ಈ ನಾಯಿ ನೆತ್ತರನ್ನಷ್ಟೇ ಅಲ್ಲ, ಗೊರಸುಗಳ ನಡುವಿನ ಗ್ರಂಥಿಯಿಂದ ನೆಲಕ್ಕೆ ಅಂಟುವ ಆ ಒಂದೇ ಪ್ರಾಣಿಯ ವಾಸನೆಯನ್ನೂ ಹಿಡಿದು, ನೂರು ಹೆಜ್ಜೆಗಳ ನಡುವೆ ಅದರ ಹೆಜ್ಜೆಯನ್ನೇ ಬೇರ್ಪಡಿಸುತ್ತದೆ. ಒಂದು ಇರುಳು ಕಳೆದ ಜಾಡೂ ಅದಕ್ಕೆ ಹಳೆಯದಲ್ಲ. ಬೊಗಳಿ ಬೆನ್ನಟ್ಟುವ ನಾಯಿಗಳ ಹಿಂಡಿಗೂ ಇದಕ್ಕೂ ಸಂಬಂಧವಿಲ್ಲ.

ಇಷ್ಟು ಹೇಳಿದ್ದು ಯೂರೋಪಿನ ಬೇಟೆಗಾರರಿಗೆ ಹಾರ ಹಾಕಲು ಅಲ್ಲ. ಅಲ್ಲಿಯೂ ಗೋಡೆಗೆ ಕೊಂಬು ತೂಗುಹಾಕುವ ಚಪಲವಿದೆ, ನಿಯಮ ಮುರಿಯುವವರಿದ್ದಾರೆ. ಡೆನ್ಮಾರ್ಕಿನಲ್ಲಿ 1990ರ ದಶಕದಲ್ಲಿ ಜೀವಂತ ಕಾಡುಬಾತುಗಳ ಎಕ್ಸ್‌ರೇ ತೆಗೆದಾಗ, ಒಂದು ಜಾತಿಯ ಬಲಿತ ಹಕ್ಕಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವುಗಳ ಮೈಯಲ್ಲಿ ಚರೆ ಸಿಕ್ಕಿತು. ಅಷ್ಟು ಶಿಸ್ತಿನ ದೇಶದಲ್ಲಿ, ಹಾಡುಹಗಲಿನಲ್ಲಿ, ಪರವಾನಗಿ ಪಡೆದವರು ಹೊಡೆದ ಈಡುಗಳ ಕಥೆ ಇದು. ಅಲ್ಲದೆ ಆ ಕಾಡುಗಳ ಸ್ಥಿತಿಯೇ ಬೇರೆ. ತೋಳ ಕರಡಿಗಳನ್ನು ಶತಮಾನಗಳ ಹಿಂದೆಯೇ ಹೆಚ್ಚುಕಡಿಮೆ ಮುಗಿಸಿದ್ದರಿಂದ ಮಿಗಗಳ ಸಂಖ್ಯೆಗೆ ಅಂಕೆಯಿಲ್ಲದಂತಾಗಿ, ಜರ್ಮನಿಯೊಂದರಲ್ಲೇ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಜಿಂಕೆಗಳನ್ನು ಹೊಡೆಯುತ್ತಾರೆ. 1860ರ ದಶಕದಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಕ್ಕೆ ಒಯ್ದು ಬಿಟ್ಟ ಕಡವೆಗಳು ಅಲ್ಲಿನ ಬೆಟ್ಟಗಳಲ್ಲಿ ಹಬ್ಬಿ ಇಂದು ಪಿಡುಗೆನಿಸಿವೆ. ಹುಲಿಯಿಲ್ಲದ ಕಾಡಿನಲ್ಲಿ ಕಡವೆಯ ಕಥೆ ಹಾಗೆ. ಸಹ್ಯಾದ್ರಿಯಲ್ಲಿ ಮಿಗದ ಸಂಖ್ಯೆಯನ್ನು ಹದದಲ್ಲಿಡಲು ಕೋವಿಯ ಅಗತ್ಯವಿಲ್ಲ. ಹುಲಿ, ಚಿರತೆ, ಕೆನ್ನಾಯಿಗಳು ಆ ಕೆಲಸವನ್ನು ಯಾವ ಪರವಾನಗಿಯೂ ಇಲ್ಲದೆ ಮಾಡುತ್ತ ಬಂದಿವೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು, ಅದಕ್ಕೆ ಸುಮಾರು 500 ಪ್ರಾಣಿಗಳು ಆ ಕಾಡಿನಲ್ಲಿ ಮೇಯುತ್ತಿರಬೇಕು ಎಂಬ ಉಲ್ಲಾಸ ಕಾರಂತರ ಲೆಕ್ಕ ಪ್ರಸಿದ್ಧವಾದದ್ದೇ. ಮೆಳೆಯಲ್ಲಿ ಕೊಳೆತುಹೋಗುವ ಪ್ರತಿಯೊಂದು ಮಿಗವೂ ಆ ಲೆಕ್ಕದಿಂದ ಕಳೆದದ್ದು.

ಇಲ್ಲಿನ ಕಾನೂನಿನ ಮಾತಿಗೆ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆರಂಭದಲ್ಲಿ ಬೇಟೆಗೆ ಪರವಾನಗಿ ನೀಡುವ ಅವಕಾಶವಿತ್ತು. 1991ರ ತಿದ್ದುಪಡಿಯ ನಂತರ ಅದೂ ಹೋಯಿತು. ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಉರುಳು ಒಡ್ಡುವುದು, ಸೋವುವುದು, ಗಾಯಗೊಳಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಆದ್ದರಿಂದ ‘ಸಿಗಲಿಲ್ಲವಲ್ಲ’ ಎಂಬ ಸಮಜಾಯಿಷಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಓಡಿಹೋದ ಮಿಗವೂ ಬೇಟೆಯಾದ ಮಿಗವೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿದಿದೆ. ಅದು ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ, ಬೇಟೆಗೆ ಅಲ್ಲ. ಬೆಳೆ ರಕ್ಷಣೆಗೆಂದು ಉಳಿದ ಜಿಲ್ಲೆಗಳಲ್ಲಿ ಕೊಟ್ಟಿರುವ ಲೈಸೆನ್ಸಿನ ಮಾತೂ ಅಷ್ಟೆ.

ಹಾಗಿದ್ದೂ ಈಡಿನ ಸದ್ದು ಕೇಳಿಸುತ್ತಲೇ ಇದೆ. ಈ ಗುಟ್ಟಿನ ಬೇಟೆಯ ಸ್ವಭಾವವನ್ನು ಗಮನಿಸಬೇಕು. ಕದ್ದು ಹೊಡೆದವನು ಈಡಿನ ಸದ್ದಿನ ಮರುಕ್ಷಣದಿಂದಲೇ ತಾನು ಹುಡುಕಾಟಕ್ಕೆ ಸಿಕ್ಕುವ ಪ್ರಾಣಿಯಾಗುತ್ತಾನೆ. ಅರ್ಧ ಗಂಟೆ ಅಲ್ಲಿ ಕಾಯಲಾರ, ಗಸ್ತಿನವರು ಬಂದಾರು. ಬೆಳಗ್ಗೆ ಬೆಳಕಿನಲ್ಲಿ ಮರಳಿ ಬರಲಾರ, ಸೌದೆಗೆ ಹೋದವರು ನೋಡಿಯಾರು. ನಾಯಿ ತರಲಾರ, ಬೊಗಳೀತು. ಮಿಗ ಪಕ್ಕದವರ ತೋಟಕ್ಕೆ ನುಗ್ಗಿದ್ದರೆ ಬಾಗಿಲು ತಟ್ಟಿ ಕೇಳಲಾರ. ಗೆಳೆಯರನ್ನು ಕರೆಯಲಾರ, ಕರೆದಷ್ಟೂ ಬಾಯಿಗಳು. ಗಾಯದ ಪ್ರಾಣಿಯನ್ನು ಹಿಂಬಾಲಿಸಲು ಬೇಕಾದ ಸಮಯ, ಬೆಳಕು, ನಾಯಿ, ಜನ ಈ ನಾಲ್ಕನ್ನೂ ಕಳ್ಳತನ ಮೊದಲೇ ಕಿತ್ತುಕೊಂಡಿರುತ್ತದೆ. ಆದ್ದರಿಂದ ಕದ್ದು ಹೊಡೆದ ಈಡು ನಿಂತಲ್ಲೇ ಕೆಡವದಿದ್ದರೆ, ಅದು ಕೈಬಿಟ್ಟ ಈಡು. ಮನೆಯ ಒಲೆಗಷ್ಟೇ ಒಂದು ಮಿಗ ಹೊಡೆದೆ, ಕಾಡಿಗೇನು ನಷ್ಟ ಎನ್ನುವವನು ಒಲೆಗೆ ಬಂದದ್ದನ್ನು ಮಾತ್ರ ಎಣಿಸುತ್ತಿದ್ದಾನೆ. ಆ ಒಂದಕ್ಕೆ ಮೊದಲು ಎಷ್ಟು ಕಣ್ಣುಗಳಿಗೆ ಗುರಿಯಿಟ್ಟ ಎಂಬುದು ಅವನಿಗೇ ತಿಳಿಯದು. ಅರಣ್ಯ ಇಲಾಖೆಯ ಲೆಕ್ಕವೂ ಇಷ್ಟೇ ಕುರುಡು. ಸಿಕ್ಕಿಬಿದ್ದ ಮಾಂಸಕ್ಕೆ ಪ್ರಕರಣವಿದೆ, ಸಿಗದೆ ಸತ್ತದ್ದಕ್ಕೆ ಕಾಗದವಿಲ್ಲ.

ಗಾಯದ ಹುಲಿಯ ವಿಚಾರದಲ್ಲಿ ಬೇಟೆಗಾರರ ಲೋಕ ಹೀಗೆ ನಡೆದುಕೊಳ್ಳಲಿಲ್ಲ ಎಂಬುದು ಕುತೂಹಲಕರ. ಗಾಯಗೊಳಿಸಿದ ಹುಲಿಯನ್ನು ಬಿಟ್ಟು ಬರುವುದು ಹೇಡಿತನವೆಂದು ಬ್ರಿಟಿಷರ ಕಾಲದ ಶಿಕಾರಿ ಪುಸ್ತಕಗಳೆಲ್ಲ ಸಾರುತ್ತಿದ್ದವು. ಕಾರಣವೂ ಸ್ಪಷ್ಟ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ನರಭಕ್ಷಕಿಯ ಬಲಗಡೆಯ ಕೋರೆಹಲ್ಲುಗಳು ಮೇಲೂ ಕೆಳಗೂ ಮುರಿದಿದ್ದವು. ಹಿಂದೆ ಯಾರೋ ಹೊಡೆದ ಗುಂಡಿನ ಫಲ. ಸಹಜವಾದ ಬೇಟೆ ಸಾಧ್ಯವಾಗದ ಆ ಹುಲಿ ನೇಪಾಳ ಮತ್ತು ಕುಮಾವೂಂಗಳಲ್ಲಿ 436 ಮಂದಿಯನ್ನು ಕೊಂದಿತೆಂದು ಲೆಕ್ಕ. ಯಾರೋ ಹೊಡೆದು ಮರೆತ ಒಂದು ಗುಂಡು ಊರೂರುಗಳಲ್ಲಿ ಬಾಗಿಲು ಹಾಕಿಸಿತು. ಹುಲಿಯನ್ನು ಹಿಂಬಾಲಿಸುವ ನಿಯಮಕ್ಕೆ ಮೂಲ ಈ ಭಯ. ಮಿಗ ಮರಳಿ ಬಂದು ಯಾರನ್ನೂ ಕಚ್ಚುವುದಿಲ್ಲ, ಯಾರ ಬಾಗಿಲನ್ನೂ ಮುಚ್ಚಿಸುವುದಿಲ್ಲ. ಅದಕ್ಕೇ ಅದರ ಹಿಂದೆ ಯಾರೂ ಹೋಗಲಿಲ್ಲ.

ಭಯವಿಲ್ಲದೆಯೂ ಹೋದವನೊಬ್ಬನ ಕಥೆ ಮಲೆನಾಡಿನ ತಾಳಮದ್ದಳೆಯ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು. ಮಳೆಗಾಲದ ಕತ್ತಲಲ್ಲಿ ಸರಯೂ ತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ದಶರಥ ಬಾಣ ಬಿಟ್ಟ. ಕಣ್ಣಿಗೆ ಕಾಣದ್ದಕ್ಕೆ ಗುರಿಯಿಟ್ಟದ್ದು ಅವನ ತಪ್ಪು, ಅದಕ್ಕೆ ಶಾಪವೂ ತಟ್ಟಿತು. ಆದರೆ ನೋವಿನ ದನಿ ಕೇಳಿದೊಡನೆ ಅವನು ಕತ್ತಲಲ್ಲಿ ಹಿಂದೆ ಸರಿಯಲಿಲ್ಲ. ಹತ್ತಿರ ಹೋದ, ಬಾಣ ಕಿತ್ತ, ಕೊಡವನ್ನು ಹೊತ್ತು ಕುರುಡ ತಂದೆತಾಯಿಗಳ ಮುಂದೆ ನಿಂತು ತಾನೇ ಹೊಡೆದೆನೆಂದ. ಅರಸನಾದವನಿಗೆ ತಪ್ಪಿಸಿಕೊಂಡು ಹೋಗುವುದು ಕಷ್ಟವೇನಾಗಿರಲಿಲ್ಲ. ಅರ್ಥಧಾರಿಗಳು ಶಾಪದ ಭಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಾರೆ. ಬಾಣ ಬಿಟ್ಟಲ್ಲಿಂದ ಬಾಣ ನಾಟಿದಲ್ಲಿಗೆ ಅವನು ನಡೆದ ಆ ನಾಲ್ಕು ಹೆಜ್ಜೆಗಳನ್ನೂ ಒಮ್ಮೆ ಬೆಳೆಸಿದರೆ ಚೆನ್ನು.

ಕೈಬಿಟ್ಟ ಈಡಿನ ಪರಿಣಾಮ ಆ ಒಂದು ಪ್ರಾಣಿಗೆ ನಿಲ್ಲುವುದಿಲ್ಲ. ಜಿಂಕೆಯೂ ಕಡವೆಯೂ ಸುಮಾರು ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಕಾಡುಕುರಿಗೆ ಮರಿ ಹಾಕಲು ಋತುವೆಂಬುದಿಲ್ಲ. ವರ್ಷದ ಯಾವ ಇರುಳಿನಲ್ಲಿ ಹೊಡೆದರೂ ಹೊಟ್ಟೆಯಲ್ಲಿ ಅಥವಾ ಮೆಳೆಯಲ್ಲಿ ಮರಿ ಇರಬಹುದು. ಮೊದಲ ಕೆಲವು ವಾರ ಮರಿ ತಾಯಿಯ ಹಿಂದೆ ತಿರುಗುವುದಿಲ್ಲ, ಅಡಗಿಸಿಟ್ಟಲ್ಲಿ ಅಲುಗಾಡದೆ ಮಲಗಿರುತ್ತದೆ. ತಾಯಿ ಬರದಿದ್ದರೂ ಮಲಗಿಯೇ ಇರುತ್ತದೆ. ಸೀಸದ ವಿಷಯವೂ ಇದೆ. ಸೀಸದ ಗುಂಡು ಮೈ ಹೊಕ್ಕಾಗ ಕಣ್ಣಿಗೆ ಕಾಣದ ನೂರಾರು ಚೂರುಗಳಾಗಿ ಮಾಂಸದಲ್ಲಿ ಹರಡುವುದನ್ನು ಅಮೆರಿಕದಲ್ಲಿ ಎಕ್ಸ್‌ರೇ ತೆಗೆದು ತೋರಿಸಿದ್ದಾರೆ. ಬೇಟೆಗಾರರು ಬಿಟ್ಟುಹೋದ ಕಳೇಬರ ಮತ್ತು ಕರುಳುಗಳನ್ನು ತಿಂದು ಅಲ್ಲಿನ ಕಾಂಡೋರ್ ಎಂಬ ಬೃಹತ್ ರಣಹದ್ದು ಸೀಸದ ವಿಷದಿಂದ ಸಾಯುತ್ತ, 1982ರ ಹೊತ್ತಿಗೆ 22ಕ್ಕೆ ಇಳಿದ ಆ ಸಂತತಿಯ ಚೇತರಿಕೆಗೂ ಅದೇ ದೊಡ್ಡ ಅಡ್ಡಿಯಾಯಿತು. ಕ್ಯಾಲಿಫೋರ್ನಿಯ ರಾಜ್ಯ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿತು. ಮಲೆನಾಡಿನ ಮೆಳೆಯಲ್ಲಿ ಬಿದ್ದ ಮಿಗವನ್ನು ಕಾಗೆ, ನರಿ, ಹಂದಿ, ಊರನಾಯಿಗಳು ತಿನ್ನುತ್ತವೆ. ಸಿಕ್ಕಿದ ಮಿಗವನ್ನು ತಿನ್ನುವವರ ಮಕ್ಕಳ ತಟ್ಟೆಗೂ ಬರುವುದು ಅದೇ ಸೀಸ.

ಗದ್ದೆ ತೋಟಗಳ ಪಾಡನ್ನು ಬದಿಗಿಟ್ಟು ಇಷ್ಟನ್ನೂ ಹೇಳುವುದು ನ್ಯಾಯವಲ್ಲ. ವರ್ಷದ ದುಡಿಮೆ ಒಂದೇ ಇರುಳಿನಲ್ಲಿ ಹಂದಿಯ ಮೂತಿಗೋ ಕಡವೆಯ ಬಾಯಿಗೋ ಹೋಗುವುದನ್ನು ನೋಡಿದ ರೈತನಿಗೆ ಮಿಗದ ನೋವಿನ ಪಾಠ ಹೇಳಲು ಪಟ್ಟಣದ ಪರಿಸರಪ್ರೇಮಿಗೆ ಹಕ್ಕಿಲ್ಲ. ಪರಿಹಾರದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನ ಸಿಟ್ಟು ಸಹಜವಾದದ್ದು. ಕೇರಳದಲ್ಲಿ 2022ರ ಮೇ ತಿಂಗಳಿನಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಲೈಸೆನ್ಸ್ ಇರುವ ಕೋವಿಯಿಂದ ಹೊಡೆಸಲು ಪಂಚಾಯಿತಿ ಅಧ್ಯಕ್ಷರಿಗೇ ಅಧಿಕಾರ ಕೊಟ್ಟ ಮೇಲೆ, ಇಲ್ಲಿಯೂ ಅದೇ ಬೇಕೆಂಬ ಕೂಗು ಘಟ್ಟದ ಈಚೆಗೂ ಕೇಳಿಬಂದಿದೆ. ಆ ಬೇಡಿಕೆಯ ಸರಿತಪ್ಪುಗಳು ಬೇರೆಯೇ ಒಂದು ಚರ್ಚೆ. ಆದರೆ ಬೇಡಿಕೆ ಇಡುವವರೂ ಆಳುವವರೂ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳಿವೆ. ಹೊಡೆದದ್ದು ಬೀಳದಿದ್ದರೆ ಹುಡುಕುವವರು ಯಾರು? ಎಷ್ಟು ಹೊತ್ತಿನೊಳಗೆ? ಜಾಡು ಹಿಡಿಯುವ ನಾಯಿಯೊಂದು ತಾಲೂಕಿಗೆ ಒಂದಾದರೂ ಇದೆಯೇ? ಹಾರಿಸಿದ ಈಡುಗಳ ಲೆಕ್ಕ ಬರೆಯುತ್ತಾರೆಯೇ, ಬಿದ್ದ ಹಂದಿಗಳದ್ದು ಮಾತ್ರವೇ? ಗಾಯದ ಹಂದಿ ಮರುದಿನ ತೋಟಕ್ಕೆ ಹೋದ ಹೆಂಗಸರ ಎದುರಿಗೆ ನಿಂತರೆ ಹೊಣೆ ಯಾರದು? ಬಂದೂಕಿನವರ ಪಟ್ಟಿ ತಯಾರಿಸಲು ಒಂದು ವಾರ ಸಾಕು. ಈ ಪ್ರಶ್ನೆಗಳಿಗೆ ವ್ಯವಸ್ಥೆ ಮಾಡಲು ವರ್ಷಗಳು ಬೇಕು. ಆ ಏರ್ಪಾಡು ಇಲ್ಲದೆ ಕೊಡುವ ಅನುಮತಿ ಕಳ್ಳಬೇಟೆಗೆ ಮೊಹರು ಒತ್ತಿದಂತೆ ಮಾತ್ರ. ಸೋಲಾರ್ ಬೇಲಿಗೆ, ಕಂದಕಕ್ಕೆ, ಒಗ್ಗಟ್ಟಿನ ಗದ್ದೆಕಾವಲಿಗೆ, ತಿಂಗಳೊಳಗೆ ಕೈಸೇರುವ ಪರಿಹಾರಕ್ಕೆ ಸರ್ಕಾರವನ್ನು ಒತ್ತಾಯಿಸುವುದು ಅದಕ್ಕಿಂತ ಮೊದಲಿನ ಕೆಲಸ.

ಅಲ್ಲಿಯವರೆಗೆ ಊರಿನವರ ಕೈಯಲ್ಲಿರುವ ಕೆಲಸವೂ ಸಣ್ಣದಲ್ಲ. ಕುಂಟುವ, ಗುಂಪಿನಿಂದ ಬೇರೆಯಾಗಿ ನಿಂತ, ಹಗಲಿನಲ್ಲಿ ಹಳ್ಳದ ನೀರಿನ ಬಳಿ ಮಲಗಿದ ಮಿಗ ಕಂಡರೆ ಅದನ್ನು ಸುತ್ತುವರಿಯುವುದು, ಫೋಟೋ ತೆಗೆಯಲು ಹತ್ತಿರ ಹೋಗುವುದು, ಹಿಡಿದು ಮನೆಗೆ ತರುವುದು ಸಲ್ಲದು. ಬೆನ್ನಟ್ಟಿದ ಮಿಗ ಗಾಯಕ್ಕಿಂತ ಮೊದಲು ಗಾಬರಿಯಿಂದಲೇ ಸಾಯಬಹುದು. ಅತಿಯಾದ ಓಟ ಮತ್ತು ಭಯದಿಂದ ಮಾಂಸಖಂಡಗಳೇ ಕೆಡುವ ಸ್ಥಿತಿಯನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು. ಬಾಯಿಗೆ ನೀರು ಹೊಯ್ಯಬಾರದು. ನಾಯಿಗಳನ್ನು ಕಟ್ಟಿಹಾಕಿ, ದೂರದಿಂದ ಜಾಗ ಗುರುತಿಟ್ಟುಕೊಂಡು, ಒಬ್ಬರು ಕಣ್ಣಳತೆಯಲ್ಲಿ ನಿಂತು ಇನ್ನೊಬ್ಬರು ಅರಣ್ಯ ಇಲಾಖೆಯ 1926 ಸಹಾಯವಾಣಿಗೋ ಹತ್ತಿರದ ವಲಯ ಕಚೇರಿಗೋ ತಿಳಿಸಬೇಕು. ಏಳಲಾರದೆ ಬಿದ್ದಿದ್ದರೆ ಕಣ್ಣಿನ ಮೇಲೆ ಬಟ್ಟೆಯೊಂದನ್ನು ಹೊದಿಸಿ ಸದ್ದು ಮಾಡದೆ ಕಾಯಬೇಕು. ಸತ್ತ ಪ್ರಾಣಿ ಸಿಕ್ಕಿದರೆ ಚಿರತೆಯ ತಲೆಗೆ ಕಟ್ಟುವ ಮೊದಲು ಕುತ್ತಿಗೆಯಲ್ಲಿ ಕೋರೆಹಲ್ಲಿನ ಗುರುತಿದೆಯೇ, ತೊಗಲಿನಲ್ಲಿ ದುಂಡಗಿನ ತೂತಿದೆಯೇ ಎಂದು ಮುಟ್ಟದೆ ನೋಡಿ ದಿನಾಂಕ, ಜಾಗ, ಜಾತಿ ಬರೆದಿಟ್ಟುಕೊಂಡು ಇಲಾಖೆಗೆ ಹೇಳಬೇಕು. ಹೈಸ್ಕೂಲಿನ ಪರಿಸರ ಸಂಘದ ಮಕ್ಕಳು ಹಕ್ಕಿಗಳ ಪಟ್ಟಿ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿಯೇ ಈ ಲೆಕ್ಕ ಶುರುಮಾಡಬಹುದು: ಒಂದು ಕಡೆ ಇರುಳು ಕೇಳಿಸಿದ ಈಡುಗಳು, ಇನ್ನೊಂದು ಕಡೆ ಆಮೇಲೆ ಊರ ಸುತ್ತ ಸಿಕ್ಕಿದ ಕಳೇಬರಗಳು. ಈ ಭತ್ತದ ಕೊಯ್ಲಿನಿಂದ ಮುಂದಿನ ಕೊಯ್ಲಿನ ತನಕ ನಾಲ್ಕೈದು ಊರುಗಳಲ್ಲಿ ಬರೆದಿಟ್ಟರೂ, ಗ್ರಾಮಸಭೆಯಲ್ಲಿ ವಲಯ ಅರಣ್ಯಾಧಿಕಾರಿಯ ಮುಂದೆ ಇಡಲು ಒಂದು ಕಾಗದವಾದರೂ ಇರುತ್ತದೆ.